ಪತ್ರಗಳಲ್ಲಿ ಬದುಕಿದ ಭೀತಿಕಥೆಗಾರ

1927ರ ಸೆಪ್ಟೆಂಬರ್ ತಿಂಗಳ ‘ಅಮೇಜಿಂಗ್ ಸ್ಟೋರೀಸ್’ ಎಂಬ ಅಮೆರಿಕದ ಮಾಸಪತ್ರಿಕೆಯಲ್ಲಿ ‘ದ ಕಲರ್ ಔಟ್ ಆಫ್ ಸ್ಪೇಸ್’ ಎಂಬ ಕಥೆ ಪ್ರಕಟವಾಯಿತು. ಸುಮಾರು ಹನ್ನೆರಡು ಸಾವಿರ ಪದಗಳ ಆ ಕಥೆಗೆ ಲೇಖಕನಿಗೆ ಸಂದ ಸಂಭಾವನೆ 25 ಡಾಲರ್. ಲೆಕ್ಕ ಹಾಕಿದರೆ ಪದವೊಂದಕ್ಕೆ ಒಂದು ಸೆಂಟಿನ ಐದನೇ ಒಂದು ಭಾಗ. ಆ ಹಣ ಕೈಸೇರಲು ಹಲವು ತಿಂಗಳು ಹಿಡಿಯಿತು. ವಿಜ್ಞಾನ ಕಥೆಯೂ ಭೀತಿಕಥೆಯೂ ಒಂದರೊಳಗೊಂದು ಬೆರೆತ ಅಪರೂಪದ ಕೃತಿಯೆಂದು ಇಂದು ಆ ಕಥೆಯನ್ನು ಎಲ್ಲೆಡೆ ಓದುತ್ತಾರೆ. ಅದನ್ನು ಬರೆದ ಹೋವರ್ಡ್ ಫಿಲಿಪ್ಸ್ ಲವ್‌ಕ್ರಾಫ್ಟ್ ಮಾತ್ರ ಹತ್ತು ವರ್ಷಗಳ ಬಳಿಕ ಬಡತನದಲ್ಲಿಯೇ ತೀರಿಕೊಂಡ. ಆಗ ಅವನಿಗೆ 46 ವರ್ಷ.

ಅರ್ಥಶಾಸ್ತ್ರವನ್ನು ಓದಿ, ಸರ್ಕಾರದ ಕಡತಗಳ ನಡುವೆ ಮೂರು ದಶಕ ಕಳೆದ ನನ್ನಂಥವನಿಗೆ ವಿಲಕ್ಷಣ ಭೀತಿಕಥೆಗಳ ಗೀಳು ಏಕೆಂದು ಮಿತ್ರರು ಕೇಳುವುದುಂಟು. ಜಿಲ್ಲಾ ಸೇವೆಯ ದಿನಗಳಲ್ಲಿ ಪ್ರವಾಸಿ ಮಂದಿರಗಳ ಮಂದ ದೀಪದ ಕೆಳಗೆ ಓದಿಗೆ ಒದಗಿದ ಹಳೆಯ ಪುಸ್ತಕಗಳಲ್ಲಿ ಲವ್‌ಕ್ರಾಫ್ಟ್‌ನ ಕಥಾಸಂಕಲನವೂ ಒಂದಾಗಿತ್ತು. ಮೊದಲು ನನ್ನನ್ನು ಹಿಡಿದಿಟ್ಟದ್ದು ಆತನ ಕಥೆಗಳು. ವರ್ಷಗಳು ಕಳೆದಂತೆ ಕಥೆಗಳಿಗಿಂತ ಹೆಚ್ಚಾಗಿ ಆತನ ಜೀವನವೇ ನನ್ನನ್ನು ಕಾಡತೊಡಗಿತು. ಓದಿದ ಪುಸ್ತಕಗಳ ಬಗ್ಗೆ ಅಭಿಪ್ರಾಯ ಹಂಚಿಕೊಳ್ಳುವ ಸರಳ ಹವ್ಯಾಸವೊಂದು ಒಬ್ಬ ಮನುಷ್ಯನಿಗೆ ಏನೆಲ್ಲ ಕೊಡಬಲ್ಲದು, ಏನನ್ನು ಕೊಡಲಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ದೊರೆತಿಲ್ಲ.

ಲವ್‌ಕ್ರಾಫ್ಟ್ ಹುಟ್ಟಿದ್ದು 1890ರ ಆಗಸ್ಟ್ 20ರಂದು, ಅಮೆರಿಕದ ಅತಿ ಚಿಕ್ಕ ರಾಜ್ಯವಾದ ರೋಡ್ ಐಲೆಂಡ್‌ನ ಪ್ರಾವಿಡೆನ್ಸ್ ನಗರದಲ್ಲಿ. ತಂದೆ ಬೆಳ್ಳಿ ಸಾಮಾನುಗಳ ಕಂಪನಿಯೊಂದರ ಸಂಚಾರಿ ಮಾರಾಟಗಾರ. ಮಗನಿಗೆ ಮೂರು ವರ್ಷ ತುಂಬುವ ಮೊದಲೇ, 1893ರಲ್ಲಿ, ತಂದೆಗೆ ಬುದ್ಧಿಭ್ರಮಣೆಯಾಯಿತು. ಐದು ವರ್ಷ ಮಾನಸಿಕ ಆಸ್ಪತ್ರೆಯಲ್ಲಿದ್ದು ಅವರು ಅಲ್ಲಿಯೇ ನಿಧನರಾದರು. ಹುಡುಗ ಬೆಳೆದದ್ದು ತಾಯಿಯ ತಂದೆ ವಿಪಲ್ ಫಿಲಿಪ್ಸ್ ಅವರ ವಿಶಾಲವಾದ ಮನೆಯಲ್ಲಿ, ಅವರ ಗ್ರಂಥ ಭಂಡಾರದ ನೆರಳಿನಲ್ಲಿ. ಅಜ್ಜನ ಹಣ ದೂರದ ಇಡಾಹೋ ರಾಜ್ಯದ ಒಂದು ನೀರಾವರಿ ಕಂಪನಿಯಲ್ಲಿ ತೊಡಗಿತ್ತು. ಅಣೆಕಟ್ಟು ಮತ್ತು ಕಾಲುವೆಗಳ ಆ ಸಾಹಸ ನಷ್ಟದ ಮೇಲೆ ನಷ್ಟ ತಂದಿತು. 1904ರಲ್ಲಿ ಅಜ್ಜ ತೀರಿಕೊಂಡಾಗ ಮನೆಯೂ ಕೈಬಿಟ್ಟಿತು. ಹದಿಮೂರು ವರ್ಷದ ಹುಡುಗ ತಾಯಿಯೊಡನೆ ಅದೇ ರಸ್ತೆಯ ಚಿಕ್ಕ ವಸತಿಯೊಂದಕ್ಕೆ ಬಂದ. ಅಲ್ಲಿಂದ ಮುಂದೆ ಆತನ ಬದುಕೆಂದರೆ, ಕರಗುತ್ತಿದ್ದ ಪಿತ್ರಾರ್ಜಿತದ ಮೇಲೆ ಮರ್ಯಾದೆ ಉಳಿಸಿಕೊಳ್ಳುವ ದೀರ್ಘ ಪ್ರಯತ್ನ.

ಬಾಲಕನಿಗೆ ರಸಾಯನಶಾಸ್ತ್ರ ಮತ್ತು ಖಗೋಳಶಾಸ್ತ್ರಗಳಲ್ಲಿ ವಿಶೇಷ ಆಸಕ್ತಿಯಿತ್ತು. 1903ರಿಂದಲೇ ಖಗೋಳದ ಬಗ್ಗೆ ಕೈಬರಹದ ಪತ್ರಿಕೆಯೊಂದನ್ನು ತಯಾರಿಸಿ, ಪ್ರತಿಗಳನ್ನು ತೆಗೆದು ಹಂಚುತ್ತಿದ್ದ. 1906ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಗೆ ಬರೆದ ಪತ್ರದಲ್ಲಿ, ನೆಪ್ಚೂನ್‌ನಾಚೆಗಿನ ಗ್ರಹವನ್ನು ಹುಡುಕಲು ವೀಕ್ಷಣಾಲಯಗಳು ಒಟ್ಟುಗೂಡಿ ಕೆಲಸ ಮಾಡಬೇಕೆಂದು ಸೂಚಿಸಿದ್ದ. ಅದೇ ಸುಮಾರಿಗೆ ಸ್ಥಳೀಯ ಪತ್ರಿಕೆಗಳಲ್ಲಿ ಖಗೋಳ ಅಂಕಣವನ್ನೂ ಬರೆದ. ಆದರೆ 1908ರಲ್ಲಿ ನರದೌರ್ಬಲ್ಯದಿಂದ ಕುಸಿದು ಪ್ರೌಢಶಾಲೆಯನ್ನೇ ಪೂರೈಸಲಾಗಲಿಲ್ಲ. ಮನೆಯ ಸಮೀಪದಲ್ಲೇ ಇದ್ದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಓದಬೇಕೆಂಬ ಕನಸು ಅಲ್ಲಿಗೆ ಮುಗಿಯಿತು. ಮುಂದಿನ ಐದು ವರ್ಷ ಆತ ಬಹುತೇಕ ಮನೆಯಲ್ಲೇ ಬಂದಿಯಾದ. ಪದವಿಯಿಲ್ಲ, ಉದ್ಯೋಗವಿಲ್ಲ, ಗೆಳೆಯರೂ ಹೆಚ್ಚಿಲ್ಲ. ಇದ್ದ ಒಂದೇ ಸುಖವೆಂದರೆ ಜನಪ್ರಿಯ ಕಥಾಪತ್ರಿಕೆಗಳನ್ನು ಒಂದನ್ನೂ ಬಿಡದೆ ಓದುವುದು.

ಆ ಬಂದಿಖಾನೆಯ ಬಾಗಿಲನ್ನು ತೆರೆದದ್ದು ಓದುಗರ ಪತ್ರ ವಿಭಾಗ ಎಂಬುದು ಸ್ವಾರಸ್ಯಕರ. 1913ರಲ್ಲಿ ‘ಆರ್ಗೊಸಿ’ ಎಂಬ ಕಥಾಪತ್ರಿಕೆಗೆ ಆತ ಒಂದು ಪತ್ರ ಬರೆದ. ಫ್ರೆಡ್ ಜ್ಯಾಕ್ಸನ್ ಎಂಬ ಜನಪ್ರಿಯ ಲೇಖಕನ ಅತಿಭಾವುಕ ಪ್ರೇಮಕಥೆಗಳನ್ನು ಅದರಲ್ಲಿ ನಿರ್ದಾಕ್ಷಿಣ್ಯವಾಗಿ ಟೀಕಿಸಿದ್ದ. ಜ್ಯಾಕ್ಸನ್‌ನ ಅಭಿಮಾನಿಗಳು ಕೆರಳಿದರು. ಒಬ್ಬ ಓದುಗ ಪದ್ಯದಲ್ಲಿಯೇ ಉತ್ತರ ಕೊಟ್ಟ. ಲವ್‌ಕ್ರಾಫ್ಟ್ ಹದಿನೆಂಟನೇ ಶತಮಾನದ ಇಂಗ್ಲಿಷ್ ದ್ವಿಪದಿಗಳ ಧಾಟಿಯಲ್ಲಿ ಪ್ರತ್ಯುತ್ತರ ನೀಡಿದ. ಜಗಳ ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಹವ್ಯಾಸಿ ಪತ್ರಕರ್ತರ ಸಂಘವೊಂದರ ಎಡ್ವರ್ಡ್ ಡಾಸ್ ಈ ವಾಗ್ವಾದವನ್ನು ಗಮನಿಸಿ, 1914ರಲ್ಲಿ ಅವನನ್ನು ಸಂಘಕ್ಕೆ ಆಹ್ವಾನಿಸಿದ. ಒಂದು ಕಥೆ ಇಷ್ಟವಾಗಲಿಲ್ಲವೆಂದು ಬರೆದ ಪತ್ರ, ಐದು ವರ್ಷಗಳಿಂದ ಮನೆಯೊಳಗೇ ಉಳಿದಿದ್ದ ಯುವಕನನ್ನು ಹೊರಜಗತ್ತಿಗೆ ತಂದಿತು.

ಹವ್ಯಾಸಿ ಪತ್ರಿಕೋದ್ಯಮವೆಂದರೆ ಆ ಕಾಲದ ಅಮೆರಿಕದಲ್ಲಿ ಒಂದು ವಿಶಿಷ್ಟ ವ್ಯವಸ್ಥೆ. ಸದಸ್ಯರು ತಮ್ಮ ಸ್ವಂತ ಖರ್ಚಿನಲ್ಲಿ ಪುಟ್ಟ ಪತ್ರಿಕೆಗಳನ್ನು ಮುದ್ರಿಸಿ ಪರಸ್ಪರ ಅಂಚೆಯಲ್ಲಿ ಕಳುಹಿಸುತ್ತಿದ್ದರು. ಅದರಿಂದ ಯಾರಿಗೂ ಲಾಭವಿರಲಿಲ್ಲ. ಲವ್‌ಕ್ರಾಫ್ಟ್ ಬೇಗನೇ ಆ ಸಂಘದ ವಿಮರ್ಶಾ ವಿಭಾಗದ ಮುಖ್ಯಸ್ಥನಾದ, 1917ರಲ್ಲಿ ಅಧ್ಯಕ್ಷನೂ ಆದ. 1915ರಿಂದ 1923ರವರೆಗೆ ‘ದ ಕನ್ಸರ್ವೇಟಿವ್’ ಎಂಬ ತನ್ನದೇ ಪತ್ರಿಕೆಯ 13 ಸಂಚಿಕೆಗಳನ್ನು ಹೊರತಂದ. ನಾಲ್ವರು ಮಿತ್ರರ ನಡುವೆ ಸುತ್ತುವ ಸರದಿ ಪತ್ರವೂ ಇತ್ತು. ಒಬ್ಬ ಬರೆದದ್ದಕ್ಕೆ ಮತ್ತೊಬ್ಬ ತನ್ನ ಅಭಿಪ್ರಾಯ ಸೇರಿಸಿ ಮೂರನೆಯವನಿಗೆ ಕಳುಹಿಸಬೇಕು. ಕಚೇರಿಯ ಕಡತ ಮೇಜಿನಿಂದ ಮೇಜಿಗೆ ಟಿಪ್ಪಣಿ ಹೊತ್ತು ಚಲಿಸುವುದನ್ನು ಬಲ್ಲ ನನಗೆ ಈ ಪದ್ಧತಿ ಬಹಳ ಪರಿಚಿತವೆನಿಸಿತು. ವ್ಯತ್ಯಾಸವಿಷ್ಟೆ. ಇಲ್ಲಿ ಟಿಪ್ಪಣಿ ಬರೆಯುವುದರಲ್ಲಿ ಎಲ್ಲರಿಗೂ ಆನಂದವಿತ್ತು.

ಈ ಮಿತ್ರರ ಒತ್ತಾಯದಿಂದಲೇ ಆತ 1917ರಲ್ಲಿ ಕಥೆ ಬರೆಯುವುದಕ್ಕೆ ಮರಳಿದ. 1921ರಲ್ಲಿ ತಾಯಿಯೂ, ತಂದೆ ಸತ್ತ ಅದೇ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದೇ ವರ್ಷ ಬಾಸ್ಟನ್‌ನಲ್ಲಿ ನಡೆದ ಹವ್ಯಾಸಿಗಳ ಸಮ್ಮೇಳನದಲ್ಲಿ ಸೋನಿಯಾ ಗ್ರೀನ್ ಎಂಬ ಮಹಿಳೆಯ ಪರಿಚಯವಾಯಿತು. ಆಕೆ ಉಕ್ರೇನ್ ಮೂಲದ ಯಹೂದಿ, ಹೆಂಗಸರ ಟೋಪಿಗಳ ಉದ್ಯಮದಲ್ಲಿ ಸ್ವಂತ ದುಡಿಮೆಯಿಂದ ಮೇಲೆ ಬಂದವಳು. 1924ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಅವರ ಮದುವೆಯಾಯಿತು. ಆ ಹೊತ್ತಿಗೆ ಪ್ರಖ್ಯಾತ ಜಾದೂಗಾರ ಹೂಡಿನಿಯ ಹೆಸರಿನಲ್ಲಿ ಪ್ರಕಟಿಸಲು 100 ಡಾಲರ್‌ಗೆ ಆತ ಒಂದು ಕಥೆ ಬರೆದುಕೊಟ್ಟಿದ್ದ. ಮದುವೆಗೆ ಹೊರಟಾಗ ಅದರ ಬೆರಳಚ್ಚು ಪ್ರತಿ ಪ್ರಾವಿಡೆನ್ಸ್‌ನ ರೈಲು ನಿಲ್ದಾಣದಲ್ಲಿ ಕಳೆದುಹೋಯಿತು. ನವದಂಪತಿಗಳು ಮಧುಚಂದ್ರದ ಹೊತ್ತನ್ನು ಆ ಕಥೆಯನ್ನು ಮತ್ತೆ ಬೆರಳಚ್ಚು ಮಾಡುವುದರಲ್ಲಿ ಕಳೆದರು.

ಮುಂದಿನ ಎರಡು ವರ್ಷಗಳು ಕಷ್ಟದವು. ಸೋನಿಯಾಳ ಅಂಗಡಿ ಮುಚ್ಚಿತು, ಆರೋಗ್ಯ ಕೆಟ್ಟಿತು. ‘ವಿಯರ್ಡ್ ಟೇಲ್ಸ್’ ಪತ್ರಿಕೆಯ ಸಂಪಾದಕ ಹುದ್ದೆಯ ಪ್ರಸ್ತಾಪ ಬಂದಿತ್ತಾದರೂ, ಅದಕ್ಕಾಗಿ ಶಿಕಾಗೊಗೆ ಹೋಗಬೇಕಿತ್ತೆಂದು ಆತ ಒಪ್ಪಲಿಲ್ಲ. ನ್ಯೂಯಾರ್ಕ್‌ನಲ್ಲಿ ಅರ್ಜಿಗಳ ಮೇಲೆ ಅರ್ಜಿ ಹಾಕಿದರೂ 34 ವರ್ಷದ, ಅನುಭವವಿಲ್ಲದ, ಪದವಿಯಿಲ್ಲದ ಮನುಷ್ಯನಿಗೆ ಕೆಲಸ ಸಿಗಲಿಲ್ಲ. 1925ರ ಆರಂಭದಲ್ಲಿ ಸೋನಿಯಾ ಉದ್ಯೋಗಕ್ಕಾಗಿ ಸಿನ್ಸಿನಾಟಿಗೆ ಹೋದಳು. ಆತ ಬ್ರೂಕ್ಲಿನ್‌ನ ರೆಡ್ ಹುಕ್ ಪ್ರದೇಶದ ಅಂಚಿನಲ್ಲಿ ಒಂಟಿ ಕೋಣೆಯಲ್ಲಿ ಉಳಿದ. ಅಲ್ಲಿ ಕಳ್ಳರು ಬಟ್ಟೆಗಳನ್ನೂ ದೋಚಿದರು. 1926ರ ಏಪ್ರಿಲ್‌ನಲ್ಲಿ ಆತ ಪ್ರಾವಿಡೆನ್ಸ್‌ಗೆ, ತನ್ನ ಚಿಕ್ಕಮ್ಮ ದೊಡ್ಡಮ್ಮಂದಿರ ಆಸರೆಗೆ, ಮರಳಿದ. ದಾಂಪತ್ಯ ಪತ್ರಗಳಲ್ಲಿ ಮಾತ್ರ ಕೆಲಕಾಲ ಉಳಿದು, 1929ರಲ್ಲಿ ವಿಚ್ಛೇದನದ ಮಾತಿನೊಂದಿಗೆ ಮುಗಿಯಿತು.

ಊರಿಗೆ ಮರಳಿದ ಕೂಡಲೇ ಆತನ ಲೇಖನಿ ಹರಿಯತೊಡಗಿತು. ‘ದ ಕಾಲ್ ಆಫ್ ಕ್ತುಲು’ ಕಥೆಯನ್ನು ಬರೆದದ್ದು ಆ ವರ್ಷವೇ. ‘ವಿಯರ್ಡ್ ಟೇಲ್ಸ್’ನ ಸಂಪಾದಕ ಫಾರ್ನ್ಸ್‌ವರ್ತ್ ರೈಟ್ ಅದನ್ನು ಮೊದಲು ತಿರಸ್ಕರಿಸಿ, ಅನಂತರ 1928ರಲ್ಲಿ ಪ್ರಕಟಿಸಿದ. ಮನುಷ್ಯನಿಗಿಂತ ಕೋಟ್ಯಂತರ ವರ್ಷ ಹಿರಿಯವಾದ, ಮನುಷ್ಯನ ಇರವನ್ನೇ ಲೆಕ್ಕಿಸದ ಜೀವಿಗಳು ಆತನ ಕಥೆಗಳ ಹಿನ್ನೆಲೆಯಲ್ಲಿವೆ. ಹಳೆಯ ದೆವ್ವದ ಕಥೆಯಲ್ಲಿ ದೆವ್ವಕ್ಕೆ ಮನುಷ್ಯನ ಮೇಲೆ ಸೇಡಾದರೂ ಇರುತ್ತದೆ. ಲವ್‌ಕ್ರಾಫ್ಟ್‌ನ ವಿಶ್ವಕ್ಕೆ ಮನುಷ್ಯನ ಬಗ್ಗೆ ದ್ವೇಷವೂ ಇಲ್ಲ. ನಮ್ಮ ಅಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಭಯಾನಕ ಮತ್ತು ಅದ್ಭುತ ಎಂಬ ಎರಡು ರಸಗಳ ಗಡಿ ಅಳಿಸಿಹೋಗುವ ಜಾಗದಲ್ಲಿ ಆತ ನಿಂತು ಬರೆದ. ದೂರದರ್ಶಕದಲ್ಲಿ ನಕ್ಷತ್ರಗಳ ನಡುವಿನ ಶೂನ್ಯವನ್ನು ಕಂಡಿದ್ದ ಬಾಲಕನ ನಡುಕ ಅದರಲ್ಲಿದೆ. 1930ರಲ್ಲಿ ಪ್ಲೂಟೊ ಪತ್ತೆಯಾದಾಗ, ಆಗ ಬರೆಯುತ್ತಿದ್ದ ‘ದ ವಿಸ್ಪರರ್ ಇನ್ ಡಾರ್ಕ್‌ನೆಸ್’ ಕಥೆಯಲ್ಲಿ ಅದಕ್ಕೆ ತಕ್ಷಣ ಜಾಗ ಸಿಕ್ಕಿತು.

ಆದರೆ ಆತನ ಕಾಲದ ಬಹುಪಾಲು ಹೋದದ್ದು ಕಥೆಗಳಿಗಲ್ಲ. 1925ರಿಂದ 1927ರವರೆಗೆ ಪಾಲ್ ಕುಕ್ ಎಂಬ ಮಿತ್ರನ ಹವ್ಯಾಸಿ ಪತ್ರಿಕೆಗಾಗಿ ಆತ ಭೀತಿ ಸಾಹಿತ್ಯದ ಸಮಗ್ರ ಸಮೀಕ್ಷೆಯೊಂದನ್ನು ಬರೆದ. ಸಂಭಾವನೆಯಿಲ್ಲದ ಈ ಕೆಲಸಕ್ಕಾಗಿ ನ್ಯೂಯಾರ್ಕ್‌ನ ಗ್ರಂಥಾಲಯಗಳಲ್ಲಿ ದಿನಗಟ್ಟಲೆ ಕುಳಿತು ಓದಿದ. ಗಾಥಿಕ್ ಕಾದಂಬರಿಗಳಿಂದ ತೊಡಗಿ, ಎಡ್ಗರ್ ಆಲನ್ ಪೋಗೆ ಒಂದಿಡೀ ಅಧ್ಯಾಯ ಮೀಸಲಿಟ್ಟು, ಆರ್ಥರ್ ಮೇಕನ್, ಆಲ್ಜರ್ನನ್ ಬ್ಲ್ಯಾಕ್‌ವುಡ್, ಲಾರ್ಡ್ ಡನ್ಸೇನಿ, ಎಂ.ಆರ್. ಜೇಮ್ಸ್ ಅವರನ್ನು ಆಧುನಿಕ ಆಚಾರ್ಯರೆಂದು ಗುರುತಿಸಿದ. ಈ ಸಾಹಿತ್ಯ ಪ್ರಕಾರದ ಬಗ್ಗೆ ಬಂದ ಮೊದಲ ಗಂಭೀರ ಸಮೀಕ್ಷೆಗಳಲ್ಲಿ ಅದೂ ಒಂದು. 1934ರಲ್ಲಿ ಕೋನಿಗ್ ಎಂಬ ಪುಸ್ತಕಪ್ರೇಮಿ, ಬಹುತೇಕ ಮರೆತುಹೋಗಿದ್ದ ಇಂಗ್ಲಿಷ್ ಲೇಖಕ ವಿಲಿಯಂ ಹೋಪ್ ಹಾಡ್ಜ್‌ಸನ್‌ನ ಕಾದಂಬರಿಗಳನ್ನು ಮಿತ್ರವಲಯದಲ್ಲಿ ಅಂಚೆಯ ಮೂಲಕ ಸುತ್ತಿಸಿದ. ಓದಿದ ಲವ್‌ಕ್ರಾಫ್ಟ್ ಕೂಡಲೇ ತನ್ನ ಸಮೀಕ್ಷೆಯಲ್ಲಿ ಹಾಡ್ಜ್‌ಸನ್‌ಗೆ ಜಾಗ ಮಾಡಿಕೊಟ್ಟ. ಒಬ್ಬನ ಕಪಾಟಿನ ಪುಸ್ತಕ ಹತ್ತು ಮನೆ ತಿರುಗಿ, ಸತ್ತ ಲೇಖಕನೊಬ್ಬನಿಗೆ ಮರುಹುಟ್ಟು ಕೊಟ್ಟಿತು.

ಇನ್ನು ಪತ್ರಗಳು. ಆತ ಜೀವಮಾನದಲ್ಲಿ ಬರೆದ ಪತ್ರಗಳ ಸಂಖ್ಯೆಯನ್ನು ವಿದ್ವಾಂಸರು 75 ಸಾವಿರದಿಂದ ಒಂದು ಲಕ್ಷದವರೆಗೆ ಅಂದಾಜಿಸಿದ್ದಾರೆ. ಕೆಲವು ಪತ್ರಗಳು ಹತ್ತಾರು ಪುಟಗಳಷ್ಟು ದೀರ್ಘ. ಕೊನೆಯ ವರ್ಷಗಳಲ್ಲಿ ಊಟದ ಖರ್ಚು ಕಡಿತಗೊಳಿಸಿ ಅಂಚೆಚೀಟಿಗೆ ಹಣ ಉಳಿಸುತ್ತಿದ್ದ. ಕ್ಯಾಲಿಫೋರ್ನಿಯದ ಕವಿ ಕ್ಲಾರ್ಕ್ ಆಷ್ಟನ್ ಸ್ಮಿತ್, ಟೆಕ್ಸಾಸ್‌ನ ರಾಬರ್ಟ್ ಹೋವರ್ಡ್, ವಿಸ್ಕಾನ್ಸಿನ್‌ನ ಆಗಸ್ಟ್ ಡರ್ಲೆತ್ ಇವರೆಲ್ಲ ಆತನ ಆಪ್ತರು. ಈ ಮೂವರನ್ನೂ ಆತ ಒಮ್ಮೆಯೂ ಮುಖತಃ ನೋಡಲಿಲ್ಲ. 1933ರಲ್ಲಿ ಹದಿಹರೆಯದ ರಾಬರ್ಟ್ ಬ್ಲಾಕ್ ಅಭಿಮಾನದ ಪತ್ರ ಬರೆದಾಗ, ಆತ ತನ್ನ ಗ್ರಂಥ ಸಂಗ್ರಹದ ಪುಸ್ತಕಗಳನ್ನು ಎರವಲು ಕೊಟ್ಟದ್ದಲ್ಲದೆ, ನೀನೂ ಬರೆಯಬಹುದಲ್ಲ ಎಂದು ಹುರಿದುಂಬಿಸಿದ. ಆ ಹುಡುಗನೇ ಮುಂದೆ 1959ರಲ್ಲಿ ‘ಸೈಕೊ’ ಕಾದಂಬರಿ ಬರೆದವನು. ಹಿಚ್‌ಕಾಕ್ ಅದನ್ನು ಮರುವರ್ಷವೇ ಚಲನಚಿತ್ರ ಮಾಡಿದ.

ರಾಬರ್ಟ್ ಹೋವರ್ಡ್‌ನೊಂದಿಗಿನ ಸ್ನೇಹ ಆರಂಭವಾದದ್ದು 1930ರಲ್ಲಿ, ಒಂದು ಭಾಷಾ ಸಂದೇಹದಿಂದ. ಲವ್‌ಕ್ರಾಫ್ಟ್‌ನ ಕಥೆಯೊಂದರಲ್ಲಿ ಬಂದ ಗೇಲಿಕ್ ಮಾತಿನ ಬಗ್ಗೆ ಹೋವರ್ಡ್ ಸಂಪಾದಕನಿಗೆ ಬರೆದ, ಸಂಪಾದಕ ಆ ಪತ್ರವನ್ನು ಕಥೆಗಾರನಿಗೆ ದಾಟಿಸಿದ. ಮುಂದಿನ ಆರು ವರ್ಷ ಇಬ್ಬರೂ ನಾಗರಿಕತೆ ಮತ್ತು ಬರ್ಬರತೆ, ಬುದ್ಧಿ ಮತ್ತು ದೇಹಬಲ, ಕಾನೂನು ಮತ್ತು ಸ್ವಾತಂತ್ರ್ಯಗಳ ಬಗ್ಗೆ ಜಗಳವಾಡುತ್ತಲೇ ಇದ್ದರು. ಮಾತು ಕೆಲವೊಮ್ಮೆ ಕಟುವಾದರೂ ಪತ್ರ ನಿಲ್ಲಲಿಲ್ಲ. 1936ರ ಜೂನ್‌ನಲ್ಲಿ ಹೋವರ್ಡ್ ಆತ್ಮಹತ್ಯೆ ಮಾಡಿಕೊಂಡಾಗ ಲವ್‌ಕ್ರಾಫ್ಟ್‌ಗೆ ಆದ ಆಘಾತ, ಕಣ್ಣೆದುರಿನ ಸೋದರನನ್ನು ಕಳೆದುಕೊಂಡಷ್ಟೇ ಆಳವಾಗಿತ್ತು.

ವಿಜ್ಞಾನ ಕಥೆಗಳ ಬಗ್ಗೆ ಆತನ ನಿಲುವು ಕಠಿಣ. ಅಂತರಗ್ರಹ ಕಥೆಗಳ ಕುರಿತ ಪ್ರಬಂಧವೊಂದರಲ್ಲಿ, ಅನ್ಯಗ್ರಹಕ್ಕೆ ಹೋದ ನಾಯಕ ಅಲ್ಲಿನ ರಾಜಕುಮಾರಿಯನ್ನು ವರಿಸುವ ಸವಕಲು ಕಥಾವಸ್ತುಗಳನ್ನು ಆತ ತಳ್ಳಿಹಾಕಿದ. ಅನ್ಯಲೋಕವೆಂದರೆ ಅದು ನಿಜಕ್ಕೂ ಅನ್ಯವಾಗಿ ಕಾಣಬೇಕು, ಅಲ್ಲಿ ಕಾಲಿಟ್ಟ ಮನುಷ್ಯನಿಗೆ ಮೈನಡುಗಬೇಕು ಎಂಬುದು ಆತನ ವಾದ. 1933ರಲ್ಲಿ ಚಾರ್ಲ್ಸ್ ಹಾರ್ನಿಗ್ ಎಂಬ ಹದಿಹರೆಯದ ಹುಡುಗ ‘ದ ಫ್ಯಾಂಟಸಿ ಫ್ಯಾನ್’ ಎಂಬ ಪುಟ್ಟ ಪತ್ರಿಕೆ ಆರಂಭಿಸಿದ. ಅದರ ಚರ್ಚಾ ವಿಭಾಗದಲ್ಲಿ, ಸ್ಮಿತ್‌ನ ಭೀಕರ ಕಥೆಯೊಂದು ವಿಜ್ಞಾನ ಕಥೆಗಳ ಪತ್ರಿಕೆಯಲ್ಲಿ ಬರಬಹುದೇ ಎಂಬ ಪ್ರಶ್ನೆಯನ್ನು ಫಾರೆಸ್ಟ್ ಆ್ಯಕರ್‌ಮನ್ ಎಂಬ ಕಿರಿಯ ಓದುಗ ಎತ್ತಿದಾಗ ದೊಡ್ಡ ರಂಪವೇ ಆಯಿತು. ಲವ್‌ಕ್ರಾಫ್ಟ್ ಮಿತ್ರನ ಪರ ನಿಂತ. ಹದಿನೆಂಟು ಸಂಚಿಕೆಗಳ ಬಳಿಕ ಪತ್ರಿಕೆ ನಿಂತಾಗ, ಅದರಲ್ಲಿ ಧಾರಾವಾಹಿಯಾಗಿ ಬರುತ್ತಿದ್ದ ಆತನ ಭೀತಿ ಸಾಹಿತ್ಯ ಸಮೀಕ್ಷೆಯೂ ಅರ್ಧಕ್ಕೇ ನಿಂತಿತು.

ಕಂದಾಯ ಇಲಾಖೆಯನ್ನು ಬಲ್ಲವರಿಗೆ ಗೋಮಾಳವೆಂದರೆ ಏನೆಂದು ವಿವರಿಸಬೇಕಿಲ್ಲ. ಊರಿನ ಯಾರ ದನವಾದರೂ ಮೇಯಬಹುದಾದ ನೆಲ ಅದು. ಲವ್‌ಕ್ರಾಫ್ಟ್ ತನ್ನ ಕಲ್ಪನಾಲೋಕವನ್ನು ಹಾಗೆ ಬಿಟ್ಟುಕೊಟ್ಟ. ಆತ ಸೃಷ್ಟಿಸಿದ ದೇವತೆಗಳು, ಊರುಗಳು, ‘ನೆಕ್ರೊನಾಮಿಕಾನ್’ ಎಂಬ ಇಲ್ಲದ ಗ್ರಂಥ, ಇವನ್ನೆಲ್ಲ ಮಿತ್ರರು ತಮ್ಮ ಕಥೆಗಳಲ್ಲಿ ಧಾರಾಳವಾಗಿ ಬಳಸಿದರು. ಆತನೂ ಅವರ ಸೃಷ್ಟಿಗಳನ್ನು ಬಳಸಿದ. ಬ್ಲಾಕ್ ತನ್ನ ಕಥೆಯೊಂದರಲ್ಲಿ ಲವ್‌ಕ್ರಾಫ್ಟ್‌ನನ್ನು ಹೋಲುವ ಪಾತ್ರವನ್ನು ಕೊಲ್ಲಲು ಅನುಮತಿ ಕೇಳಿದಾಗ, ಆತ ವಿನೋದದ ಅಧಿಕೃತ ಪರವಾನಗಿ ಪತ್ರವನ್ನೇ ಬರೆದುಕೊಟ್ಟ. ಬಳಿಕ ತನ್ನ ಕಥೆಯಲ್ಲಿ ಬ್ಲಾಕ್‌ನನ್ನು ಹೋಲುವ ಪಾತ್ರವನ್ನು ಕೊಂದು ಲೆಕ್ಕ ಚುಕ್ತಾ ಮಾಡಿದ. ಕೆಲವು ಓದುಗರು ‘ನೆಕ್ರೊನಾಮಿಕಾನ್’ ಎಲ್ಲಿ ಸಿಗುತ್ತದೆಂದು ವಿಚಾರಿಸಿ ಪತ್ರ ಬರೆಯತೊಡಗಿದರು.

ಮಾರುಕಟ್ಟೆಯಲ್ಲಿ ಮಾತ್ರ ಆತ ಸೋತ. ಜೀವನ ಸಾಗಿದ್ದು ಬಹುಪಾಲು ಇತರರ ಬರಹಗಳನ್ನು ತಿದ್ದುವ ಕೂಲಿಯಿಂದ, ಎಷ್ಟೋ ಬಾರಿ ಪೂರ್ತಿ ಕಥೆಯನ್ನೇ ಅವರ ಹೆಸರಿನಲ್ಲಿ ಬರೆದುಕೊಡುವುದರಿಂದ. 1931ರಲ್ಲಿ ಬರೆದ ಅಂಟಾರ್ಕ್ಟಿಕ ಹಿನ್ನೆಲೆಯ ‘ಅಟ್ ದ ಮೌಂಟನ್ಸ್ ಆಫ್ ಮ್ಯಾಡ್‌ನೆಸ್’ ಎಂಬ ಕಿರುಕಾದಂಬರಿಯನ್ನು ರೈಟ್ ಹಿಂದಿರುಗಿಸಿದಾಗ ಆತ ಕುಗ್ಗಿಹೋದ. ಕೆಲವು ವರ್ಷಗಳ ಬಳಿಕ ಜೂಲಿಯಸ್ ಶ್ವಾರ್ಟ್ಸ್ ಎಂಬ ಯುವ ಅಭಿಮಾನಿ ಮಧ್ಯವರ್ತಿಯಾಗಿ ನಿಂತು ಅದನ್ನು ‘ಅಸ್ಟೌಂಡಿಂಗ್ ಸ್ಟೋರೀಸ್’ ಪತ್ರಿಕೆಗೆ 350 ಡಾಲರ್‌ಗೆ ಮಾರಿದ. ಜೀವಿತ ಕಾಲದಲ್ಲಿ ಆತನ ಕಥೆ ಪುಸ್ತಕರೂಪ ಕಂಡದ್ದು ಒಂದೇ. 1936ರಲ್ಲಿ ಪೆನ್ಸಿಲ್ವೇನಿಯದ ಅಭಿಮಾನಿಯೊಬ್ಬ ‘ದ ಷ್ಯಾಡೊ ಓವರ್ ಇನ್ಸ್‌ಮತ್’ ಕೃತಿಯನ್ನು ಮುದ್ರಿಸಿದ. ಮುದ್ರಣ ದೋಷಗಳಿಂದ ತುಂಬಿದ್ದ ಅದರ ಸುಮಾರು 200 ಪ್ರತಿಗಳು ಮಾತ್ರ ಹೊರಬಂದವು.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಹೇಳಬೇಕು. ಯೌವನದಲ್ಲಿ ಲವ್‌ಕ್ರಾಫ್ಟ್ ಕಟ್ಟಾ ಸಂಪ್ರದಾಯವಾದಿ, ಕುಲೀನರ ಆಳ್ವಿಕೆಯ ಆರಾಧಕ. 1929ರ ಮಹಾಕುಸಿತದ ಬಳಿಕ ಆತ ಬದಲಾದ. ನಿರುದ್ಯೋಗಿಗಳ ಸಾಲನ್ನು ಕಂಡು, ಮಿತ್ರರೊಡನೆ ಪತ್ರಗಳಲ್ಲಿ ವಾದಿಸಿ, ರೂಸ್‌ವೆಲ್ಟರ ನ್ಯೂ ಡೀಲ್ ಯೋಜನೆಗಳ ಸಮರ್ಥಕನಾದ. ಕೆಲಸದ ಅವಧಿಯನ್ನು ಕಡಿಮೆ ಮಾಡಿ ಉದ್ಯೋಗವನ್ನು ಎಲ್ಲರಿಗೂ ಹಂಚಬೇಕು, ವೃದ್ಧರಿಗೆ ಪಿಂಚಣಿ ಕೊಡಬೇಕು ಎಂದು ವಾದಿಸುವಷ್ಟು ಸಮಾಜವಾದದತ್ತ ಸರಿದ. ಮಾರುಕಟ್ಟೆಯೇ ಎಲ್ಲವನ್ನೂ ಸರಿಪಡಿಸುತ್ತದೆಂಬ ನಂಬಿಕೆಯನ್ನು, ಅದರಿಂದಲೇ ಪೆಟ್ಟು ತಿಂದವನು ಕೈಬಿಟ್ಟ. ನಡುವಯಸ್ಸಿನಲ್ಲಿ ಮನಸ್ಸು ಬದಲಿಸುವುದು ಎಷ್ಟು ಕಷ್ಟವೆಂದು ಬಲ್ಲವರು ಇದನ್ನು ಸಣ್ಣ ಸಂಗತಿ ಎನ್ನಲಾರರು.

ಆದರೆ ಜನಾಂಗದ ವಿಷಯದಲ್ಲಿ ಆ ಮನಸ್ಸು ಹೀಗೆ ತೆರೆಯಲಿಲ್ಲ. ಕರಿಯರು, ಯಹೂದಿಗಳು, ಏಷ್ಯಾ ಮತ್ತು ಯೂರೋಪಿನ ವಲಸಿಗರ ಬಗ್ಗೆ ಆತನ ಪತ್ರಗಳಲ್ಲಿರುವ ತಿರಸ್ಕಾರ ಓದಲು ಅಸಹ್ಯವಾಗುವಂಥದು. 1925ರ ‘ದ ಹಾರರ್ ಅಟ್ ರೆಡ್ ಹುಕ್’ ಕಥೆ ಬಡ ವಲಸಿಗರನ್ನೇ ಪಿಶಾಚಿಗಳಂತೆ ಚಿತ್ರಿಸುತ್ತದೆ. 1933ರಲ್ಲಿ ಹಿಟ್ಲರ್‌ನ ಬಗ್ಗೆ ಸಹಾನುಭೂತಿಯ ಮಾತುಗಳನ್ನೂ ಆತ ಬರೆದ. ಅದು ಕಾಲದ ದೋಷ ಎಂದು ಕೆಲವರು ತೇಲಿಸಿಬಿಡುತ್ತಾರೆ. ಈ ಸಮಾಧಾನವನ್ನು ನಾನು ಒಪ್ಪಲಾರೆ. ಏಕೆಂದರೆ ಆ ಕಾಲದಲ್ಲೇ ಆತನಿಗೆ ತಿಳಿಹೇಳಿದವರಿದ್ದರು. 1915ರಲ್ಲಿ ಹವ್ಯಾಸಿ ಪತ್ರಿಕೆಗಳಲ್ಲಿಯೇ ಚಾರ್ಲ್ಸ್ ಐಸಾಕ್ಸನ್ ಮತ್ತು ಜೇಮ್ಸ್ ಮಾರ್ಟನ್ ಆತನ ಜನಾಂಗ ದ್ವೇಷವನ್ನು ಬಹಿರಂಗವಾಗಿ ಖಂಡಿಸಿದರು. ಮಾರ್ಟನ್ ಮುಂದೆ ಆಪ್ತ ಸ್ನೇಹಿತನೇ ಆದ. ಪತ್ನಿ ಯಹೂದಿ, ಸ್ಯಾಮ್ಯುಯಲ್ ಲವ್‌ಮನ್ ಎಂಬ ಪ್ರಿಯಮಿತ್ರನೂ ಯಹೂದಿ. ವಾದ ಕಿವಿಗೆ ಬಿದ್ದಿತ್ತು, ಉದಾಹರಣೆ ಮನೆಯಲ್ಲೇ ಇತ್ತು. ಆತ ಅವರನ್ನು ಅಪವಾದಗಳೆಂದು ಬದಿಗಿಟ್ಟು ನಿಯಮವನ್ನು ಉಳಿಸಿಕೊಂಡ.

ಅದರ ಬೆಲೆಯನ್ನು ತೆತ್ತವರು ಹತ್ತಿರದವರು. ಸೋನಿಯಾ ನ್ಯೂಯಾರ್ಕ್ ಬಿಟ್ಟು ಕ್ಯಾಲಿಫೋರ್ನಿಯಕ್ಕೆ ಹೊರಡುವ ಮುನ್ನ, ಆತ ತನಗೆ ಬರೆದಿದ್ದ ಒಂದು ಪೆಟ್ಟಿಗೆ ತುಂಬ ಪತ್ರಗಳನ್ನು ಬಯಲಿಗೆ ಒಯ್ದು ಸುಟ್ಟಳು. ಲವ್‌ಮನ್, ಮಿತ್ರ ತನ್ನ ಜನರ ಬಗ್ಗೆ ಏನೆಲ್ಲ ಹೇಳುತ್ತಿದ್ದನೆಂದು ಬಹಳ ತಡವಾಗಿ ತಿಳಿದು, ಆ ಸ್ನೇಹವನ್ನೇ ನಿರಾಕರಿಸಿ ಮುಪ್ಪಿನಲ್ಲಿ ಲೇಖನ ಬರೆದ. ಅಭಿಪ್ರಾಯ ವಿನಿಮಯದಿಂದ ತಾನೇ ತಾನಾಗಿ ವಿವೇಕ ಬೆಳೆಯುತ್ತದೆಂದು ನಾವು ನಂಬುತ್ತೇವೆ. ಲಕ್ಷ ಪತ್ರ ಬರೆದವನ ಜೀವನ ಹಾಗೆ ಹೇಳುವುದಿಲ್ಲ. ಪುಸ್ತಕದ ಬಗ್ಗೆ ಬಂದ ತಕರಾರನ್ನು ಆತ ಗೌರವದಿಂದ ಕೇಳಿದ, ಅರ್ಥನೀತಿಯ ಬಗ್ಗೆ ಬಂದ ತಕರಾರಿಗೆ ಬಾಗಿದ. ತನ್ನ ಕುಲದ ಹೆಮ್ಮೆಯನ್ನು ಮುಟ್ಟಿದ ತಕರಾರನ್ನು ಮಾತ್ರ ಒಳಗೆ ಬಿಟ್ಟುಕೊಳ್ಳಲಿಲ್ಲ. ಜಾತಿಯ ವಿಷಯ ಬಂದಾಗ ನಮ್ಮ ಓದಿದವರ ಮನೆಗಳಲ್ಲಿ ನಡೆಯುವುದೂ ಇದಕ್ಕಿಂತ ಬಹಳ ಭಿನ್ನವಲ್ಲ.

1937ರ ಮಾರ್ಚ್ 15ರಂದು, ಸಣ್ಣ ಕರುಳಿನ ಕ್ಯಾನ್ಸರ್‌ನಿಂದ ನರಳಿ, ಪ್ರಾವಿಡೆನ್ಸ್‌ನ ಆಸ್ಪತ್ರೆಯಲ್ಲಿ ಲವ್‌ಕ್ರಾಫ್ಟ್ ಮರಣ ಹೊಂದಿದ. ಅಂತ್ಯಕ್ರಿಯೆಗೆ ಬಂದವರು ಬೆರಳೆಣಿಕೆಯ ಜನ. ಆತನ ಸಾಹಿತ್ಯಕ ಉಯಿಲನ್ನು ನಿರ್ವಹಿಸಬೇಕಾದವನು ಫ್ಲಾರಿಡಾದ ರಾಬರ್ಟ್ ಬಾರ್ಲೊ, ಹದಿಮೂರನೇ ವಯಸ್ಸಿನಲ್ಲಿ ಅಭಿಮಾನದ ಪತ್ರ ಬರೆದು ಮಿತ್ರನಾದವನು. ಆತ ಧಾವಿಸಿ ಬಂದು ಹಸ್ತಪ್ರತಿಗಳನ್ನು ಕಲೆಹಾಕಿ ಬ್ರೌನ್ ವಿಶ್ವವಿದ್ಯಾಲಯದ ಜಾನ್ ಹೇ ಗ್ರಂಥಾಲಯಕ್ಕೆ ಒಪ್ಪಿಸಿದ. ವಿದ್ಯಾರ್ಥಿಯಾಗಿ ಒಳಹೋಗಲಾಗದವನ ಕಾಗದಪತ್ರಗಳು ಅದೇ ಸಂಸ್ಥೆಯ ಸೊತ್ತಾದವು.

ಡರ್ಲೆತ್ ಮತ್ತು ಡೊನಾಲ್ಡ್ ವಾಂಡ್ರೈ ಎಂಬ ಇನ್ನೊಬ್ಬ ಪತ್ರಮಿತ್ರ ಸೇರಿ ಕಥೆಗಳನ್ನು ಸಂಕಲಿಸಿದಾಗ ದೊಡ್ಡ ಪ್ರಕಾಶಕರು ಒಪ್ಪಲಿಲ್ಲ. ಅವರೇ 1939ರಲ್ಲಿ ಆರ್ಕಮ್ ಹೌಸ್ ಎಂಬ ಪ್ರಕಾಶನ ಸ್ಥಾಪಿಸಿ ‘ದಿ ಔಟ್‌ಸೈಡರ್ ಆ್ಯಂಡ್ ಅದರ್ಸ್’ ಸಂಕಲನವನ್ನು ಹೊರತಂದರು. 1,268 ಪ್ರತಿಗಳು, ಬೆಲೆ 5 ಡಾಲರ್. ಮಾರಾಟವಾಗಲು ಹಲವು ವರ್ಷ ಹಿಡಿಯಿತು. 1945ರಲ್ಲಿ ಎಡ್ಮಂಡ್ ವಿಲ್ಸನ್‌ನಂಥ ಪ್ರಭಾವಿ ವಿಮರ್ಶಕ ಈ ಕಥೆಗಳನ್ನು ಕಟುವಾಗಿ ತಳ್ಳಿಹಾಕಿದ. ಓದುಗರು ಬಿಡಲಿಲ್ಲ. 1965ರಿಂದ 1976ರವರೆಗೆ ಆಯ್ದ ಪತ್ರಗಳ ಐದು ಸಂಪುಟಗಳು ಬಂದವು. 2005ರಲ್ಲಿ ಅಮೆರಿಕದ ಶ್ರೇಷ್ಠ ಲೇಖಕರಿಗೆ ಮೀಸಲಾದ ಲೈಬ್ರರಿ ಆಫ್ ಅಮೆರಿಕ ಮಾಲೆಯಲ್ಲೂ ಆತನಿಗೆ ಸ್ಥಾನ ದೊರೆಯಿತು.

ಈ ಪುನರುತ್ಥಾನದಲ್ಲಿ ಭಾರತೀಯ ಮೂಲದವರೊಬ್ಬರ ಪಾತ್ರ ದೊಡ್ಡದು. 1958ರಲ್ಲಿ ಪುಣೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಎಸ್.ಟಿ. ಜೋಶಿ, ಲವ್‌ಕ್ರಾಫ್ಟ್‌ನ ಆಕರ್ಷಣೆಯಿಂದಲೇ ಬ್ರೌನ್‌ನಲ್ಲಿ ಓದಿ, 1980ರ ದಶಕದಲ್ಲಿ ಹಸ್ತಪ್ರತಿಗಳೊಂದಿಗೆ ಹೋಲಿಸಿ ಕಥೆಗಳ ಪಾಠವನ್ನು ತಿದ್ದಿದರು. 1996ರಲ್ಲಿ ಸಮಗ್ರ ಜೀವನಚರಿತ್ರೆ ಬರೆದರು. ಏಷ್ಯಾದವರನ್ನು ಕೀಳಾಗಿ ಕಂಡವನ ಒಂದೊಂದು ಅಲ್ಪವಿರಾಮವನ್ನೂ ಕಾಪಾಡಿದವರು ಏಷ್ಯಾದಲ್ಲಿ ಹುಟ್ಟಿದವರು. ವಿಶ್ವ ಫ್ಯಾಂಟಸಿ ಪ್ರಶಸ್ತಿಯ ಸ್ಮರಣಿಕೆ ದಶಕಗಳ ಕಾಲ ಲವ್‌ಕ್ರಾಫ್ಟ್‌ನ ಎದೆಮಟ್ಟದ ಪ್ರತಿಮೆಯಾಗಿತ್ತು. 2011ರಲ್ಲಿ ಅದನ್ನು ಪಡೆದ ನೈಜೀರಿಯ ಮೂಲದ ಲೇಖಕಿ ಎನ್ನೆಡಿ ಒಕೊರಾಫೊರ್ ತಮ್ಮ ಇಕ್ಕಟ್ಟನ್ನು ಬರೆದುಕೊಂಡರು. ಚರ್ಚೆ ಬೆಳೆದು, 2015ರಲ್ಲಿ ಪ್ರತಿಮೆಯನ್ನು ಕೈಬಿಡುವುದಾಗಿ ಪ್ರಕಟಿಸಲಾಯಿತು. ಜೋಶಿ ಪ್ರತಿಭಟಿಸಿ ತಮ್ಮ ಪ್ರಶಸ್ತಿಗಳನ್ನು ಹಿಂದಿರುಗಿಸಿದರು.

ನನ್ನ ದೃಷ್ಟಿಯಲ್ಲಿ ಪ್ರತಿಮೆ ಕೈಬಿಟ್ಟದ್ದು ಸರಿ. ತನ್ನನ್ನು ಮನುಷ್ಯಳೆಂದೇ ಪರಿಗಣಿಸದವನ ಮುಖವನ್ನು ಲೇಖಕಿಯೊಬ್ಬಳು ಗೌರವವೆಂದು ಮನೆಯಲ್ಲಿಟ್ಟುಕೊಳ್ಳಬೇಕೆಂದು ಅಪೇಕ್ಷಿಸುವುದು ನ್ಯಾಯವಲ್ಲ. ಪುಸ್ತಕವನ್ನು ಕಪಾಟಿನಿಂದ ತೆಗೆಯುವುದೂ ಸರಿಯಲ್ಲ. ಕಡತವೊಂದರಲ್ಲಿ ಪರವಾದ ಟಿಪ್ಪಣಿಯೂ ವಿರುದ್ಧದ ಟಿಪ್ಪಣಿಯೂ ಇರಬೇಕು. ಒಂದನ್ನು ಹರಿದು ಹಾಕಿದರೆ ಮುಂದೆ ಬರುವವರಿಗೆ ತೀರ್ಮಾನಿಸುವ ದಾರಿಯೇ ಇರುವುದಿಲ್ಲ. ಆತನ ಪತ್ರಗಳನ್ನು ಏನನ್ನೂ ಮುಚ್ಚಿಡದೆ ಪ್ರಕಟಿಸುತ್ತಿರುವ ವಿದ್ವಾಂಸರು ಮಾಡುತ್ತಿರುವುದು ಇದನ್ನೇ. ಆತನ ಔದಾರ್ಯಕ್ಕೂ ದ್ವೇಷಕ್ಕೂ ಇಂದು ನಮಗಿರುವ ಸಾಕ್ಷ್ಯದ ಬಹುಭಾಗ ಅದೇ ಪತ್ರಗಳು.

ಆತನಿಗೆ ಪ್ರತ್ಯೇಕ ಸಮಾಧಿಕಲ್ಲು ಇರಲಿಲ್ಲ. ಕುಟುಂಬದ ಸ್ತಂಭದ ಮೇಲೆ ತಂದೆತಾಯಿಯ ಜೊತೆ ಹೆಸರಿತ್ತು, ಅಷ್ಟೆ. 1977ರಲ್ಲಿ ಅಭಿಮಾನಿಗಳು ತಮ್ಮತಮ್ಮಲ್ಲೇ ಹಣ ಕೂಡಿಸಿ ಸ್ವಾನ್ ಪಾಯಿಂಟ್ ಸ್ಮಶಾನದಲ್ಲಿ ಒಂದು ಕಲ್ಲು ನಿಲ್ಲಿಸಿದರು. ಆತ ಸತ್ತಾಗ ಮೇಜಿನ ಮೇಲೆ ಮುಗಿಯದ ದೀರ್ಘ ಪತ್ರವೊಂದು ಉಳಿದಿತ್ತು. ಅದನ್ನು ಬರೆಯುತ್ತಿದ್ದದ್ದು ಜೇಮ್ಸ್ ಮಾರ್ಟನ್‌ಗೆ, 22 ವರ್ಷಗಳ ಹಿಂದೆ ಆತನ ಪೂರ್ವಗ್ರಹವನ್ನು ಮುಖಕ್ಕೆ ಹೇಳಿ, ಅನಂತರವೂ ಪತ್ರ ನಿಲ್ಲಿಸದಿದ್ದ ಅದೇ ಮಾರ್ಟನ್‌ಗೆ.